ಸೂರಕ್ಕಿ ಫೋಟೊ ಹಾಕುವ ಮುನ್ನ

ಸದಸ್ಯರ ಗಮನಕ್ಕೆ: ತೋಟದ ಹೂವಿಗೆ ಬರುವ ಪುಟ್ಟ ಹಕ್ಕಿಗಳನ್ನು ದಯವಿಟ್ಟು ‘ಹಮ್ಮಿಂಗ್ ಬರ್ಡ್’ ಎಂದು ಹಾಕಬೇಡಿ. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮವು ಸೂರಕ್ಕಿಗಳು, ಹೆಚ್ಚಾಗಿ ಕೊಂಬೆಯ ಮೇಲೆ ಕೂತೇ ಮಕರಂದ ಹೀರುತ್ತವೆ.

ಕೊಡಗಿನಲ್ಲಿ ಗೊಂದಲವಾಗುವುದು ಎರಡು. ಕೆಂಬೆನ್ನಿನ ಸೂರಕ್ಕಿ ಪಶ್ಚಿಮ ಘಟ್ಟದ್ದು, ಸುಮಾರು 8 ಸೆಂ.ಮೀ. ನೇರಳೆ ಪೃಷ್ಠದ (ಪೃಷ್ಠ ಎಂದರೆ ಬಾಲದ ಬುಡದ ಮೇಲ್ಭಾಗ) ಸೂರಕ್ಕಿ ಸುಮಾರು 10 ಸೆಂ.ಮೀ., ಊರ ಹಿತ್ತಲಲ್ಲೂ ಕಾಣುತ್ತದೆ. ಫೋಟೊದಲ್ಲಿ ಅಳತೆ ತಿಳಿಯದು, ಹಾಗಾಗಿ ಬಣ್ಣವನ್ನೇ ನೋಡಬೇಕು.

ಹೆಣ್ಣು ಸುಲಭ: ಬಾಲದ ಬುಡದ ಮೇಲೆ ಕಡುಗೆಂಪು ಇದ್ದರೆ ಕೆಂಬೆನ್ನಿನದು. ಇನ್ನೊಂದರ ಹೆಣ್ಣಿಗೆ ಆ ಕೆಂಪಿಲ್ಲ. ಗಂಟಲು ಬಿಳಿಚು, ಎದೆ ಹಳದಿ. ಗಂಡುಗಳಲ್ಲೇ ಎಡವುವುದು, ಎರಡಕ್ಕೂ ಪೃಷ್ಠ ನೇರಳೆಯೇ! ಭುಜದಲ್ಲಿ ಹೊಳೆಯುವ ಹಸಿರು ಮಚ್ಚೆ, ಪಕ್ಕೆಯಲ್ಲಿ ಬಿಳುಪು ಕಂಡರೆ ನೇರಳೆ ಪೃಷ್ಠದ್ದು. ಬಿಸಿಲು ಬೀಳದಿದ್ದರೆ ಆ ಮಚ್ಚೆ ಕಪ್ಪಾಗಿ ಕಾಣುತ್ತದೆ, ಮಳೆಗಾಲದ ಮೋಡದಲ್ಲಂತೂ ಕೇಳಲೇಬೇಡಿ. ಮರಿಮಾಡುವ ಕಾಲ ಕಳೆದ ಮೇಲೆ ಕೆಂಬೆನ್ನಿನ ಗಂಡು ಬಣ್ಣ ಕಳೆದುಕೊಂಡು ಹೆಣ್ಣಿನಂತಾಗುತ್ತದೆ; ಆಗಲೂ ಪೃಷ್ಠದ ನೇರಳೆ ಉಳಿಯುತ್ತದೆ.

ಆದ್ದರಿಂದ ಎದೆಯದ್ದೊಂದು, ಬೆನ್ನಿನದ್ದೊಂದು ಫೋಟೊ ಕಳಿಸಿ. ಊರು, ತಿಂಗಳು, ಯಾವ ಹೂವು ಎಂದೂ ಬರೆಯಿರಿ. ಹಾಲುವಾಣ ಹೂಬಿಟ್ಟಾಗ ಮರದ ಕೆಳಗೆ ಕಾದರೆ ಸಾಕು. ಗೂಡಿನ ಫೋಟೊ, ಜಾಗ ಗುಂಪಿನಲ್ಲಿ ಬೇಡ.