ಬಾಲಚಕ್ರವರ್ತಿಯ ಮುದ್ರೆಗೆ ಬೆಲೆಯಿತ್ತು

ಮಾನ್ಯ ಸಂಪಾದಕರೇ,

ಇತಿಹಾಸವನ್ನು ಆಧರಿಸಿದ ವಿಡಿಯೊ ಗೇಮ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ‘ಟೋಟಲ್ ವಾರ್: ತ್ರೀ ಕಿಂಗ್‌ಡಮ್ಸ್’ ಗೇಮ್‌ನ ಯುದ್ಧಗಳನ್ನು ಚೆನ್ನಾಗಿಯೇ ಪರಿಚಯಿಸಿದೆ. ಆದರೆ ಚೀನಾದ ಹಾನ್ ವಂಶದ ಬಾಲಚಕ್ರವರ್ತಿಯನ್ನು ಬರೀ ಉತ್ಸವಮೂರ್ತಿ ಎಂದು ಒಂದೇ ಸಾಲಿನಲ್ಲಿ ಬದಿಗೆ ಸರಿಸಿದ್ದು ಸರಿಯಲ್ಲ. ಆ ಹುಡುಗ ಯಾವ ಕೆಲಸಕ್ಕೆ ಬರುತ್ತಿದ್ದ ಎನ್ನುವುದು ತಿಳಿಯದಿದ್ದರೆ ಆ ಕಾಲದ ರಾಜಕೀಯ ಅರ್ಥವಾಗುವುದಿಲ್ಲ. ಗೇಮ್ ಎಲ್ಲಿ ಎಡವಿದೆ ಎನ್ನುವುದೂ ಕಾಣುವುದಿಲ್ಲ.

2019ರಲ್ಲಿ ಬಂದ ಈ ಗೇಮ್‌ನ ಮುಖ್ಯ ಆಟ ಶುರುವಾಗುವುದು ಕ್ರಿ.ಶ. 190ರಲ್ಲಿ. ಚಕ್ರವರ್ತಿ ಲಿಯು ಶ್ಯೆಗೆ ಆಗ ಒಂಬತ್ತು ವರ್ಷ. ಹಿಂದಿನ ವರ್ಷ ಸೇನಾನಿ ಡಾಂಗ್ ಝುವೋ ಈತನ ಅಣ್ಣನನ್ನು ಇಳಿಸಿ ಈತನನ್ನು ಪಟ್ಟಕ್ಕೆ ಕೂರಿಸಿದ್ದ. ಗೇಮ್‌ನಲ್ಲಿ ಕೊಯ್ಲಿನ ಕಾಲವೂ ಸೇರಿ ವರ್ಷಕ್ಕೆ ಐದು ಟರ್ನ್, ಅಂದರೆ ಆಟಗಾರನ ಐದು ಸರದಿ. ಆ ಲೆಕ್ಕ ಹಿಡಿದರೆ ಡಾಂಗ್ ಝುವೋ ಕೊಲೆಯಾದ 192 ಬರುವುದು ಹತ್ತು ಟರ್ನ್ ಕಳೆದ ಮೇಲೆ. ಛಾವೊ ಛಾವೊ ಎಂಬ ಸರದಾರ ಚಕ್ರವರ್ತಿಯನ್ನು ತನ್ನ ಬಳಿಗೆ ಕರೆದೊಯ್ದ 196 ಬರುವುದು ಮೂವತ್ತು ಕಳೆದ ಮೇಲೆ. ಚಕ್ರವರ್ತಿ ಪಟ್ಟ ಬಿಟ್ಟುಕೊಟ್ಟ 220ಕ್ಕೆ ನೂರೈವತ್ತು ಟರ್ನ್ ಆಗುತ್ತದೆ. ಅಷ್ಟು ಹೊತ್ತಿಗೆ ಅವನಿಗೆ 39 ವರ್ಷ.

ಗೇಮ್‌ನಲ್ಲಿ ಪ್ರತಿಷ್ಠೆಯ ಅಂಕ ಕೂಡಿದಂತೆ ಆಟಗಾರನ ಬಣದ ಮುಖ್ಯಸ್ಥ ಮಾರ್ಕ್ವಿಸ್, ಡ್ಯೂಕ್, ಕಿಂಗ್ ಎಂಬ ಪದವಿಗಳಿಗೆ ಮೇಲೇರುತ್ತಾನೆ. ಪ್ರತಿ ಮೆಟ್ಟಿಲಲ್ಲೂ ಹೆಚ್ಚು ಸೈನ್ಯ ಇಡುವ, ಹೆಚ್ಚು ಹುದ್ದೆ ತುಂಬುವ ಅವಕಾಶ ಸಿಗುತ್ತದೆ. ಈ ಮೆಟ್ಟಿಲುಗಳು ಕಲ್ಪನೆಯಲ್ಲ. ಛಾವೊ ಛಾವೊ 213ರಲ್ಲಿ ವೇ ನಾಡಿನ ಡ್ಯೂಕ್ ಆದ, 216ರಲ್ಲಿ ಅರಸನಾದ. ಎರಡು ಸಲವೂ ಆ ಪದವಿ ಬಂದದ್ದು ಚಕ್ರವರ್ತಿಯ ಆಜ್ಞಾಪತ್ರದಿಂದ. ಗೇಮ್‌ನಲ್ಲಿಯಾದರೋ ಚಕ್ರವರ್ತಿ ಯಾರ ಬಳಿ ಇದ್ದರೂ ಊರು ಗೆದ್ದು, ಕಟ್ಟಡ ಕಟ್ಟಿ ಅಂಕ ಕೂಡಿಸಿದರೆ ಡ್ಯೂಕ್ ಆಗಬಹುದು. ನನ್ನ ಮುಖ್ಯ ತಕರಾರು ಇದೇ. ಅರಮನೆಯ ಮುದ್ರೆ ಬೀಳದೆ ದಕ್ಕಿದ ಪದವಿಯನ್ನು ಆ ಕಾಲದಲ್ಲಿ ಬೇರೆ ಸರದಾರರು ಒಪ್ಪಬೇಕಾಗಿರಲಿಲ್ಲ. ಯುವಾನ್ ಶು ಎಂಬ ಸರದಾರ 197ರಲ್ಲಿ ತಾನೇ ಚಕ್ರವರ್ತಿ ಎಂದು ಸಾರಿಕೊಂಡ. ಜೊತೆಗಿದ್ದವರು ಕೈಬಿಟ್ಟರು, ಸುತ್ತಲಿನವರು ತಿರುಗಿಬಿದ್ದರು, 199ರಲ್ಲಿ ಅವನು ತೀರಿಕೊಂಡ. ಇನ್ನೊಬ್ಬ ಸರದಾರ ಲಿಯು ಬೇ 219ರಲ್ಲಿ ತನ್ನನ್ನು ಹಾನ್‌ಝೊಂಗ್‌ನ ಅರಸನೆಂದು ಘೋಷಿಸಿಕೊಂಡಾಗಲೂ, ತನ್ನ ಶತ್ರು ಛಾವೊ ಛಾವೊನ ಕೈಯಲ್ಲಿದ್ದ ಅದೇ ಚಕ್ರವರ್ತಿಗೆ ಬಿನ್ನವತ್ತಳೆ ಕಳಿಸಿದ.

ಮುದ್ರೆ ಹೇಗೆ ಕೆಲಸ ಮಾಡುತ್ತಿತ್ತು ಎನ್ನುವುದನ್ನು ನೋಡಬೇಕು. ಹಾನ್ ಆಡಳಿತದಲ್ಲಿ ಆಜ್ಞಾಪತ್ರದ ಕರಡು, ಬಂದ ಅರ್ಜಿಗಳ ವಿಲೇವಾರಿ ಎಲ್ಲವೂ ಷಾಂಗ್‌ಷು ಎಂಬ ಸಚಿವಾಲಯದ ಮೂಲಕ ಸಾಗುತ್ತಿದ್ದವು. ಚಕ್ರವರ್ತಿಯ ಪತ್ರವನ್ನು ಕಟ್ಟಿ, ನೇರಳೆ ಬಣ್ಣದ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. 196ರಲ್ಲಿ ಛಾವೊ ಛಾವೊ ಮೊದಲು ಪಡೆದದ್ದು ಎರಡು. ಒಂದು, ಶಿಕ್ಷಿಸುವ ಅಧಿಕಾರವನ್ನು ಸೂಚಿಸುವ ದಂಡ ಮತ್ತು ಕೊಡಲಿ. ಇನ್ನೊಂದು, ಇದೇ ಸಚಿವಾಲಯದ ಮೇಲ್ವಿಚಾರಣೆ. ಹುಡುಗನನ್ನು ಅರಮನೆಯಲ್ಲಿ ಕೂಡಿಹಾಕಿದರೆ ಸಾಲದು, ಕಡತ ಓಡಾಡುವ ದಾರಿಯೇ ಕೈಯಲ್ಲಿರಬೇಕು. ಡಾಂಗ್ ಝುವೋ ಸತ್ತ ಮೇಲೆ ಲಿ ಜ್ಯುಯೆ, ಗುವೊ ಸಿ ಎಂಬ ಅವನ ಸೇನಾನಿಗಳ ಬಳಿಯೂ ಚಕ್ರವರ್ತಿ ಇದ್ದ. ಅವರಿಬ್ಬರೂ 195ರಲ್ಲಿ ಆಗಿನ ರಾಜಧಾನಿ ಚಾಂಗಾನ್ ನಗರದೊಳಗೇ ಹೊಡೆದಾಡಿಕೊಂಡರು. ಚಕ್ರವರ್ತಿ ತಪ್ಪಿಸಿಕೊಂಡು ಹೊರಟ.

ಗೇಮ್ ಪೂರ್ತಿ ಮರೆತ ಇನ್ನೊಂದು ಸಂಗತಿ ಚಕ್ರವರ್ತಿಯ ಆಸ್ಥಾನವನ್ನು ಸಾಕುವ ಅನ್ನದ ಖರ್ಚು. 196ರಲ್ಲಿ ಚಕ್ರವರ್ತಿ ಸುಟ್ಟುಹೋಗಿದ್ದ ಹಳೆಯ ರಾಜಧಾನಿ ಲುವೊಯಾಂಗ್‌ಗೆ ಮರಳಿದಾಗ ಸಚಿವಾಲಯದ ಅಧಿಕಾರಿಗಳೇ ಊರಾಚೆ ಹೋಗಿ ತಾನಾಗಿ ಬೆಳೆದ ಕಾಡುಧಾನ್ಯ ಆಯ್ದು ತರಬೇಕಾಯಿತು. ಕೆಲವರು ಪಾಳುಗೋಡೆಗಳ ನಡುವೆ ಹಸಿವಿನಿಂದ ಸತ್ತರು. ಛಾವೊ ಛಾವೊ ಇಡೀ ಆಸ್ಥಾನವನ್ನು ತನ್ನ ಹಿಡಿತದಲ್ಲಿದ್ದ ಶು ಪಟ್ಟಣಕ್ಕೆ ಸಾಗಿಸಿದ. ಅದೇ ವರ್ಷ ಸುತ್ತಲಿನ ಪಾಳುಭೂಮಿಗೆ ಜನರನ್ನು ಕೂರಿಸಿ ಸರ್ಕಾರಿ ಬೇಸಾಯ ಶುರುಮಾಡಿಸಿದ. ಮೊದಲ ಬೆಳೆಯಲ್ಲೇ ಹತ್ತು ಲಕ್ಷ ಹು ಧಾನ್ಯ ಬಂತೆಂಬ ದಾಖಲೆಯಿದೆ. ಒಂದು ಹು ಎಂದರೆ ಸುಮಾರು 20 ಲೀಟರ್. ಚಕ್ರವರ್ತಿಯನ್ನು ಕರೆತರುವಂತೆ ತನ್ನ ಸಲಹೆಗಾರ ಜು ಶೌ ಕೊಟ್ಟ ಸಲಹೆಯನ್ನು ಯುವಾನ್ ಶಾವೊ ಎಂಬ ಪ್ರಬಲ ಸರದಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಚಕ್ರವರ್ತಿ ಹತ್ತಿರವಿದ್ದರೆ ಪ್ರತಿಯೊಂದಕ್ಕೂ ಅಪ್ಪಣೆ ಕೇಳಬೇಕಾಗುತ್ತದೆ ಎಂದು ಅವನ ಕಡೆಯ ಕೆಲವರು ವಾದಿಸಿದ್ದರು. ಅವರನ್ನು ದಡ್ಡರೆನ್ನಲಾಗದು, ಆ ಹೊರೆ ನಿಜವಾದದ್ದೇ.

ಮುದ್ರೆಗೂ ಮಿತಿಯಿತ್ತು. ಛಾವೊ ಛಾವೊ ಚಕ್ರವರ್ತಿಯ ಹೆಸರಿನಲ್ಲಿ ಯುವಾನ್ ಶಾವೊಗೆ ತೈವೇಯ್ ಎಂಬ ಉನ್ನತ ಹುದ್ದೆ ಕೊಡಿಸಿದ. ಛಾವೊ ಛಾವೊನ ಮಹಾಸೇನಾಪತಿ ಪದವಿಗಿಂತ ಅದು ಕೆಳಗಿನದೆಂದು ಯುವಾನ್ ಶಾವೊ ಸಿಟ್ಟಾಗಿ ನಿರಾಕರಿಸಿದ. ಅವನ ಸೈನ್ಯಕ್ಕೆ ಹೆದರಿದ ಛಾವೊ ಛಾವೊ ಮಹಾಸೇನಾಪತಿ ಪದವಿಯನ್ನೇ ಬಿಟ್ಟುಕೊಡಬೇಕಾಯಿತು. ಇನ್ನು ಗೊಂಬೆಗೂ ವಯಸ್ಸಾಗುತ್ತದೆ. 200ರಲ್ಲಿ, ಚಕ್ರವರ್ತಿಗೆ 19 ತುಂಬುವ ಹೊತ್ತಿಗೆ, ನಡುಪಟ್ಟಿಯಲ್ಲಿ ಅಡಗಿಸಿಟ್ಟ ರಹಸ್ಯ ಆಜ್ಞೆ ತನಗೆ ಸಿಕ್ಕಿದೆ ಎಂದು ಆಸ್ಥಾನದ ಸೇನಾನಿ ಡಾಂಗ್ ಚೆಂಗ್ ಛಾವೊ ಛಾವೊನ ವಿರುದ್ಧ ಹೂಡಿದ ಸಂಚು ಬಯಲಾಯಿತು, ಅದರಲ್ಲಿದ್ದವರ ತಲೆಗಳು ಉರುಳಿದವು.

ಈ ಗೇಮ್ ಆಡುವವರು ಇತಿಹಾಸದ ಹತ್ತಿರಕ್ಕೆ ಬರಬೇಕೆಂದರೆ ತಾವೇ ಎರಡು ಕಟ್ಟುಪಾಡು ಹಾಕಿಕೊಳ್ಳಬಹುದು. ಚಕ್ರವರ್ತಿ ಬೇರೆಯವರ ಬಳಿ ಇರುವಾಗ ನಿಮ್ಮ ಬಣ ಡ್ಯೂಕ್ ಮಟ್ಟ ತಲುಪಿದರೆ, ಹೊಸದಾಗಿ ತೆರೆದ ಆಸ್ಥಾನದ ಹುದ್ದೆಗಳನ್ನು ಖಾಲಿ ಬಿಡಿ. ಎರಡನೆಯದು, ಆಹಾರದ ಲೆಕ್ಕ ಮಿಗತೆ ತೋರಿಸುವವರೆಗೆ ಚಕ್ರವರ್ತಿಯನ್ನು ಹಿಡಿದ ಬಣದ ಮೇಲೆ ದಂಡೆತ್ತಿ ಹೋಗಬೇಡಿ. ಆಟ ನಿಧಾನವಾಗುತ್ತದೆ, ಹೌದು. ಆದರೆ ಸರದಾರರೆಲ್ಲ ಒಬ್ಬ ಹುಡುಗನ ಹಿಂದೆ ಏಕೆ ಓಡಿದರು ಎನ್ನುವುದು ಹತ್ತಿಪ್ಪತ್ತು ಟರ್ನ್‌ಗಳಲ್ಲೇ ತಿಳಿಯುತ್ತದೆ.

ಪುರವಣಿಯ ಬರಹ ಚಕ್ರವರ್ತಿ ಕೊನೆಗೆ ಏನಾದ ಎಂಬುದನ್ನೂ ಹೇಳಿಲ್ಲ. 220ರಲ್ಲಿ ಛಾವೊ ಛಾವೊನ ಮಗ ಛಾವೊ ಪಿಗೆ ಪಟ್ಟ ಬಿಟ್ಟುಕೊಟ್ಟ ಲಿಯು ಶ್ಯೆಯನ್ನು ಕೊಲ್ಲಲಿಲ್ಲ. ಶಾನ್‌ಯಾಂಗ್‌ನ ಡ್ಯೂಕ್ ಪದವಿ, ಹತ್ತು ಸಾವಿರ ಮನೆಗಳ ಆದಾಯ, ಹೊಸ ಚಕ್ರವರ್ತಿಗೆ ಬರೆಯುವಾಗ ತನ್ನನ್ನು ಸೇವಕನೆಂದು ಕರೆದುಕೊಳ್ಳಬೇಕಿಲ್ಲ ಎಂಬ ವಿನಾಯಿತಿ ಅವನಿಗೆ ಸಿಕ್ಕವು. ಅವನು ತೀರಿಕೊಂಡದ್ದು 234ರಲ್ಲಿ.

ಇಂತಿ,
ಧಾರವಾಡದ ಓದುಗ