ಟೊಂಕ ನೋವನ್ನು ಮುಚ್ಚಿಡಬೇಡ, ಮಗಳೇ

ಬೀದರ್

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ಹೆಲಿಕಾಪ್ಟರ್ ಹಾರಿಸಲು ಕಲಿಯುತ್ತಿರುವ ನೀನು ಫೋನಿನಲ್ಲಿ, ದಿನದ ಎರಡನೇ ಸಾರ್ಟಿ, ಅಂದರೆ ಎರಡನೇ ಹಾರಾಟ, ಮುಗಿಸಿ ಇಳಿಯುವಾಗ ಟೊಂಕ ಹಿಡಿಯುತ್ತದೆ, ಮಲಗಿ ಎದ್ದರೆ ಹೋಗುತ್ತದೆ ಅಂದೆ. ‘ಇಲ್ಲಿ ಯಾರಿಗೂ ಹೇಳಿಲ್ಲವ್ವ’ ಅಂತಲೂ ಅಂದೆ. ನೋವಿಗಿಂತ ಆ ಮಾತೇ ನನಗೆ ಬಾಳ ಚಿಂತೆ ಹಚ್ಚಿದೆ. ಫಿಜಿಯೋಥೆರಪಿ ನನ್ನ ಕಸುಬು, ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದು ಕಳಿಸುವುದೇ ಸರಿ.

ಮೊದಲನೆಯದಾಗಿ, ಇದು ನಿನ್ನ ಮೈಯ ದೋಷವಲ್ಲ. ಹಲವು ದೇಶಗಳಲ್ಲಿ ವಿಚಾರಿಸಿದಾಗ ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಟೊಂಕ ನೋವು ಬಂದಿರುತ್ತದೆ. ಎಡಗೈ ಕೆಳಗೆ, ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಕಲೆಕ್ಟಿವ್ ಹಿಡಿಯ ಮೇಲೆ, ಬಲಗೈ ಮೊಣಕಾಲುಗಳ ನಡುವಿನ, ದಿಕ್ಕಿಗೆ ವಾಲಿಸುವ ಸೈಕ್ಲಿಕ್ ಕೋಲಿನ ಮೇಲೆ, ಎರಡೂ ಪಾದ ಪೆಡಲ್ ಮೇಲೆ, ಯಾವುದಕ್ಕೂ ಬಿಡುವಿಲ್ಲ. ಬಲ ಮುಂಗೈಯನ್ನು ತೊಡೆಗೆ ಊರಿದರೆ ಸೈಕ್ಲಿಕ್ ನಯವಾಗಿ ಆಡುತ್ತದೆ, ಆದರೆ ತೊಡೆ ಮುಟ್ಟಲು ಮುಂದಕ್ಕೆ ಬಗ್ಗಬೇಕು. ಕಲೆಕ್ಟಿವ್ ತೀರ ಕೆಳಗಿದ್ದಾಗ ಎಡಕ್ಕೆ ವಾಲಬೇಕು. ಹಾಗೆ ಬಗ್ಗಿದಾಗ ಸೊಂಟದ ಸಹಜ ಒಳಬಾಗು ಅಳಿಸಿಹೋಗುತ್ತದೆ, ಬೆನ್ನೆಲುಬುಗಳ ನಡುವಿನ ಮೆತ್ತೆಯಾದ ಡಿಸ್ಕಿನ ಮುಂಭಾಗ ಅದುಮಿ, ಎಲುಬುಗಳನ್ನು ಹಿಂದಿನಿಂದ ಹಿಡಿದಿಡುವ ಕಟ್ಟುಗಳು ಜಗ್ಗುತ್ತವೆ, ಒಂದು ಪಕ್ಕದ ಸ್ನಾಯು ಇನ್ನೊಂದಕ್ಕಿಂತ ಹೆಚ್ಚು ದುಡಿಯುತ್ತದೆ. ನಮ್ಮೂರ ಬಿದ್ರಿ ಕಾರಿಗರೂ ಹೀಗೇ ಬಗ್ಗಿ ಕೂತು ಉಳಿ ಹಿಡಿಯುತ್ತಾರೆ. ಅವರು ಬೇಕಾದಾಗ ಎದ್ದು ಮೈ ಮುರಿಯಬಹುದು, ನೀನು ಬೆಲ್ಟ್ ಬಿಗಿದು ಕೂತವಳು.

ಅಲುಗಾಟದ ಪಾಲೂ ಉಂಟು. ನೀನು ಹಾರಿಸುವ ಚೇತಕ್ ಹೆಲಿಕಾಪ್ಟರಿನ ರೋಟರ್, ಅಂದರೆ ಮೇಲಿನ ರೆಕ್ಕೆ, ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಆರರ ಹತ್ತಿರ. ಕೂತ ಮನುಷ್ಯನ ಬೆನ್ನುಮೂಳೆ ಮೇಲೆ-ಕೆಳಗಿನ ಕುಲುಕಾಟಕ್ಕೆ ಅತಿ ಹೆಚ್ಚು ತುಯ್ಯುವುದು ಸೆಕೆಂಡಿಗೆ 4ರಿಂದ 6 ಸಲದ ಆಸುಪಾಸಿನಲ್ಲೇ. ಆದರೂ ನಾನು ಭಂಗಿಯನ್ನೇ ಮುಖ್ಯ ಅನ್ನುತ್ತೇನೆ. 1984ರಲ್ಲಿ ಪ್ರಕಟವಾದ ಅಮೆರಿಕ ಸೇನೆಯ ಒಂದು ಪ್ರಯೋಗದಲ್ಲಿ ಪೈಲಟ್‌ಗಳನ್ನು ಹೆಲಿಕಾಪ್ಟರ್ ಸೀಟಿನಲ್ಲಿ ಎರಡೆರಡು ಗಂಟೆ ಕೂರಿಸಿದ್ದರು, ಒಮ್ಮೆ ಕಂಪನ ಕೊಟ್ಟು, ಒಮ್ಮೆ ಕೊಡದೆ. ನೋವು ಎರಡೂ ಸಲ ಬಂತು.

ಹಾಗಾಗಿ ಸೀಟಿಗೆ ಎರಡು ನಿಮಿಷ ಕೊಡು, ಹಕೀಂಪೇಟದ ನಿಮ್ಮ ತರಬೇತಿ ಶಾಲೆಯಲ್ಲಿ ಎಷ್ಟೇ ಅವಸರವಿರಲಿ. ಪೃಷ್ಠವನ್ನು ಸೀಟಿನ ಬೆನ್ನಿಗೆ ತಾಗುವವರೆಗೆ ಹಿಂದೆ ಸರಿಸು. ಹೊರಗಿನ ನೋಟ ಸಾಕಾಗುವಷ್ಟು ಮಾತ್ರ ಎತ್ತರ ಇಟ್ಟುಕೋ. ಎತ್ತರ ಹೆಚ್ಚಿದಷ್ಟೂ ಕಲೆಕ್ಟಿವ್ ದೂರವಾಗಿ ಎಡಕ್ಕೆ ವಾಲುವುದು ಹೆಚ್ಚುತ್ತದೆ. ಆಮೇಲೆ ಪೆಡಲ್: ಒಂದನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿರಬೇಕು, ಸೊಂಟ ಮುಂದೆ ಜಾರಬಾರದು. ನಿನ್ನಂಥ ಗಿಡ್ಡ ಕಾಲಿನವರು ಎಡವುವುದು ಇಲ್ಲೇ, ಪೆಡಲ್ ಎಟುಕಲೆಂದು ಜಾರಿ ಕೂರುತ್ತಾರೆ. ಎಟುಕದಿದ್ದರೆ ಇನ್‌ಸ್ಟ್ರಕ್ಟರಿಗೆ ಹೇಳಿ ಸರಿಮಾಡಿಸಿಕೋ. ಕೊನೆಗೆ ಬೆಲ್ಟ್: ಸೊಂಟದ ಪಟ್ಟಿಯನ್ನು ಎರಡೂ ಕಡೆಯ ಎಲುಬಿನ ಮೇಲೆ ಮೊದಲು ಬಿಗಿ, ನಂತರ ಭುಜದ್ದು. ತಿರುವುಮುರುವಾದರೆ ಪಟ್ಟಿ ಹೊಟ್ಟೆಯ ಮೇಲಕ್ಕೇರುತ್ತದೆ.

ದಿಂಬು ಒಯ್ಯಲೇ ಎಂದು ಕೇಳಿದ್ದೆಯಲ್ಲ, ಖಂಡಿತ ಬೇಡ. ಮೆತ್ತನೆಯ ದಪ್ಪ ಸ್ಪಂಜಿನ ಮೇಲೆ ಕೂತಾಗ ಹೆಲಿಕಾಪ್ಟರ್ ನೆಲಕ್ಕೆ ಬಡಿದರೆ ಮೈ ಮೊದಲು ಸ್ಪಂಜಿನೊಳಗೆ ಕುಸಿಯುತ್ತದೆ, ಅಷ್ಟರಲ್ಲಿ ಸೀಟು ನಿಂತಿರುತ್ತದೆ. ಬೆನ್ನುಮೂಳೆಗೆ ಬೀಳುವ ಏಟು ಇನ್ನೂ ಜೋರಾಗುತ್ತದೆ. ಮುಂದೆ ಧ್ರುವ್ ಹೆಲಿಕಾಪ್ಟರಿಗೆ ಹೋದರೆ ಇನ್ನೊಂದು ನೆನಪಿರಲಿ: ಏಟು ಹೀರಲೆಂದೇ ಅದರ ಸೀಟು ಕೆಳಕ್ಕೆ ಜಾರುವಂತೆ ಮಾಡಿರುತ್ತಾರೆ. ಅಡಿಯಲ್ಲಿ ಚೀಲ ತುರುಕಿದರೆ ಜಾರಲು ಜಾಗವೇ ಇರುವುದಿಲ್ಲ. ಸುತ್ತಿದ ಟವೆಲ್ಲನ್ನು ಕ್ಲಾಸಿನಲ್ಲಿ, ಬಸ್ಸಿನಲ್ಲಿ ಟೊಂಕಕ್ಕೆ ಕೊಟ್ಟುಕೋ. ಕಾಕ್‌ಪಿಟ್‌ನಲ್ಲಿ ಅನುಮತಿ ಇದ್ದದ್ದು ಬಿಟ್ಟು ಮತ್ತೇನೂ ಬೇಡ.

ಹಾರುವಾಗ ಕಂಟ್ರೋಲ್ ಇನ್‌ಸ್ಟ್ರಕ್ಟರ್ ಕೈಗೆ ಹೋದ ಹೊತ್ತಿನಲ್ಲಿ ಭುಜವನ್ನು ಸೀಟಿಗೊತ್ತಿ, ಸೊಂಟವನ್ನು ಐದಾರು ಸಲ ಒಳಕ್ಕೆ ಬಾಗಿಸಿ ಬಿಡು. ಇಳಿದ ಮೇಲೆ ಹತ್ತು ನಿಮಿಷ ನಡೆ. ಆಗಲೇ ಭಾರ ಎತ್ತಬೇಡ, ಬಗ್ಗಿ ಕಾಲ್ಬೆರಳು ಮುಟ್ಟುವ ಕಸರತ್ತೂ ಬೇಡ. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದೆ ಇರುವ ಚಾಳಿ ಬಿಡು.

ವ್ಯಾಯಾಮ ಎರಡೇ ಸಾಕು. ಅಂಗೈ-ಮಂಡಿ ಊರಿ ಬಲಗೈ ಮುಂದೆ, ಎಡಗಾಲು ಹಿಂದೆ ಚಾಚಿ 10 ಸೆಕೆಂಡು ಹಿಡಿ, ಟೊಂಕ ಕುಸಿಯದಿರಲಿ. ಒಂದೊಂದು ಪಕ್ಕಕ್ಕೆ 6 ಸಲ, ವಿರಾಮ, 4, ವಿರಾಮ, 2. ಆಮೇಲೆ ಮೊಣಕೈ ಊರಿ ಪಕ್ಕಕ್ಕೆ ಮಲಗಿ ಸೊಂಟ ಎತ್ತಿ ಹಿಡಿಯುವುದು, ಅದೇ ಲೆಕ್ಕ. ಸಿಟ್-ಅಪ್ ಬೇಡ, ಅದು ಬಗ್ಗಿದ ಬೆನ್ನನ್ನೇ ಇನ್ನಷ್ಟು ಬಗ್ಗಿಸುತ್ತದೆ. ಎದ್ದ ಕೂಡಲೇ ಮಾಡಬೇಡ. ರಾತ್ರಿ ನೀರು ಹೀರಿ ಡಿಸ್ಕ್ ಉಬ್ಬಿರುತ್ತದೆ, ಒಂದು ಗಂಟೆ ಕಳೆಯಲಿ.

ಇನ್ನು ಡಾಕ್ಟರ ವಿಷಯ. ಹಾರಾಟ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯಕ್ಕೆ ಬಾಳ ಮಂದಿ ಬಾಯಿ ಮುಚ್ಚಿಕೊಂಡು ಗುಳಿಗೆ ನುಂಗುತ್ತಾರೆ. ಸ್ನಾಯು ಸಡಿಲಿಸುವ ಗುಳಿಗೆ ಮಂಪರು ತರುತ್ತದೆ. ಅದನ್ನು ನುಂಗಿ ಕಾಕ್‌ಪಿಟ್ ಹತ್ತಿದರೆ ಜೊತೆಗಿದ್ದವರ ಜೀವಕ್ಕೂ ಅಪಾಯ. ಈಗಿನ ನೋವು ಸೀಟು, ಭಂಗಿ, ವ್ಯಾಯಾಮದಲ್ಲೇ ಹತೋಟಿಗೆ ಬರುವಂಥದ್ದು. ವರ್ಷಗಟ್ಟಲೆ ಮುಚ್ಚಿಟ್ಟ ನೋವಿಗೆ ತಿಂಗಳುಗಟ್ಟಲೆ ರಜೆ ಬೇಕಾಗುತ್ತದೆ. ಅದಕ್ಕೇ ಈಗಲೇ ಡಾಕ್ಟರಿಗೆ ಹೇಳು. ಅವರ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು: ಎಷ್ಟು ಹೊತ್ತು ಹಾರಿದ ಮೇಲೆ ಶುರು, ಯಾವ ಪಕ್ಕ, ಎಷ್ಟು ಹೊತ್ತಿನಲ್ಲಿ ನೋವು ಕಡಿಮೆಯಾಯಿತು, ಮುಟ್ಟಿನ ದಿನಗಳಲ್ಲಿ ಹೆಚ್ಚೋ ಅಲ್ಲವೋ.

ನೋವು ಮೊಣಕಾಲು ದಾಟಿ ಕೆಳಗಿಳಿದರೆ, ಎರಡು ದಿನವಾದರೂ ಹೋಗದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಹಾರದೆ ಡಾಕ್ಟರಿಗೆ ತೋರಿಸು. ಪಾದ ಎತ್ತಲಾಗದೆ ಎಳೆದಂತಾದರೆ, ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಬೆಳಗಾಗುವುದನ್ನು ಕಾಯಬೇಡ, ಆಗಲೇ ಆಸ್ಪತ್ರೆಗೆ ಹೋಗು, ಅಲ್ಲಿಂದಲೇ ನನಗೆ ಫೋನ್ ಮಾಡು.

ನಿನ್ನ ಅವ್ವ