ನಾನು ಬಾಡಿಗೆಗಿದ್ದ ಮನೆಯೇ ನನ್ನನ್ನು ಓದಿಸಿತು

ಹೋದ ಗುರುವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಎರಡು ಗಂಟೆ ಪ್ರಶ್ನೆ ಕೇಳಿದರು. ಆಮೇಲೆ ಹೊರಗೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಕರೆದು ಕೈ ಕುಲುಕಿದರು. ಅಮ್ಮನಿಗೆ ಫೋನ್ ಮಾಡಿದಾಗ ಸಾಗರದಲ್ಲಿ ಮಧ್ಯರಾತ್ರಿ. ಒಂದೇ ರಿಂಗಿಗೆ ಎತ್ತಿದಳು. "ಆಯ್ತಾ?" ಅಂದಳು. "ಆಯ್ತಮ್ಮ" ಅಂದೆ. ಇಬ್ಬರಿಗೂ ಆಮೇಲೆ ಮಾತು ಹೊರಡಲಿಲ್ಲ.

ನಾನು ಓದಿದ್ದು ಯುರೋಪಿನ ಸಣ್ಣ ದೇಶ ಎಸ್ಟೋನಿಯಾವನ್ನು ಬಿಟ್ಟು ಬಂದವರ ಬಗ್ಗೆ. ಆರು ವರ್ಷದಿಂದ ಊರಿನವರು, ಗೆಳೆಯರು ಕೇಳುತ್ತಲೇ ಇದ್ದರು. "ಎಸ್ಟೋನಿಯಾ ಯಾಕೆ? ಅದೂ ಕೆನಡಾದಲ್ಲಿ ಕೂತು?" ಫೋನಿನಲ್ಲಿ ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಇವತ್ತು ಥ್ಯಾಂಕ್ಸ್ ಹೇಳಬೇಕಾದವರ ಹೆಸರು ನೆನೆಸಿಕೊಳ್ಳುತ್ತಾ ಕೂತಾಗ ಉತ್ತರವೂ ಅದರಲ್ಲೇ ಇದೆ ಅನ್ನಿಸಿತು.

ಟೊರಾಂಟೊಗೆ ಬಂದಾಗ ನನಗೆ ಸಿಕ್ಕ ಮೊದಲ ರೂಮು ಬ್ಲೂರ್ ಸ್ಟ್ರೀಟಿನ ಟಾರ್ಟು ಕಾಲೇಜಿನಲ್ಲಿ. ಹೆಸರು ಕಾಲೇಜು ಅಂತ ಇದ್ದರೂ ಅದು ವಿದ್ಯಾರ್ಥಿಗಳು ಬಾಡಿಗೆಗಿರುವ 18 ಮಹಡಿಯ ಕಟ್ಟಡ. ಯೂನಿವರ್ಸಿಟಿಗೆ ನಡೆದು ಹೋಗಬಹುದು, ಅಷ್ಟೇ ನಾನು ನೋಡಿದ್ದು. ಟಾರ್ಟು ಅಂದರೆ ಎಸ್ಟೋನಿಯಾದ ಒಂದು ಊರು, ಅಲ್ಲಿ 1632ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದೆ ಅಂತ ಗೊತ್ತಾಗಿದ್ದು ಆಮೇಲೆ.

ಆ ಕಟ್ಟಡವನ್ನು ಕಟ್ಟಿದ್ದು ಎರಡನೇ ಮಹಾಯುದ್ಧದ ನಂತರ ಕೆನಡಾಕ್ಕೆ ಬಂದ ಎಸ್ಟೋನಿಯನ್ ನಿರಾಶ್ರಿತರು. ಬಾಗಿಲು ತೆರೆದಿದ್ದು 1970ರಲ್ಲಿ. ಅದರ ಹಿಂದಿದ್ದವರು ಎಲ್ಮಾರ್ ಟಾಂಪೊಲ್ಡ್ ಅನ್ನುವ ಆರ್ಕಿಟೆಕ್ಟ್. ಬಾಡಿಗೆಯಿಂದ ಬಂದ ದುಡ್ಡು ತಮ್ಮ ಭಾಷೆಗೆ, ಓದಿಗೆ ಹೋಗಬೇಕು ಅಂತ ಅವರ ಆಸೆ. ಅದು ನಡೆಯಿತು ಕೂಡ. 1999ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಎಸ್ಟೋನಿಯನ್ ಅಧ್ಯಯನ ಪೀಠ ಶುರುವಾಯಿತು, ಇದೇ ಕಟ್ಟಡದ ದುಡ್ಡಿನ ಬೆಂಬಲದಿಂದ. ನಾನು ಎಸ್ಟೋನಿಯನ್ ಕಲಿತಿದ್ದು ಆ ಪೀಠದ ತರಗತಿಯಲ್ಲಿ. ಅಂದರೆ ಜಗತ್ತಿನ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಐವತ್ತು ವರ್ಷ ಒಂದನೇ ತಾರೀಕು ಕಟ್ಟಿದ ಬಾಡಿಗೆ ನನ್ನನ್ನು ಓದಿಸಿದೆ. ಮೊದಲ ನಮಸ್ಕಾರ ಆ ಹಳೇ ಬಾಡಿಗೆದಾರರಿಗೆ, ನೀವು ಈಗ ಎಲ್ಲಿದ್ದೀರೋ ಅಲ್ಲಿಗೆ.

ಅದೇ ಕಟ್ಟಡದಲ್ಲಿ ವೇಮು ಅಂತ ಎಸ್ಟೋನಿಯನ್ನರ ಮ್ಯೂಸಿಯಂ ಮತ್ತು ಪತ್ರಾಗಾರ ಇದೆ. ಮೊದಲ ವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಸುಮ್ನೆ ಒಳಗೆ ಹೋದೆ. ಅಲ್ಲಿದ್ದವರು ಯಾರು, ಏನು ಅಂತ ಕೇಳುವ ಮೊದಲು ಕಾಫಿ ಕೊಟ್ಟರು. ಆಮೇಲೆ ಕಥೆ ಹೇಳಿದರು. 1944ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಸೇನೆ ಮತ್ತೆ ಬಂದಾಗ ಸುಮಾರು 70,000 ಜನ ಎಸ್ಟೋನಿಯಾ ಬಿಟ್ಟು ಓಡಿದರು. ಕೆಲವರು ಜರ್ಮನಿಗೆ ಹೋದರು, ಕೆಲವರು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ. ಸ್ವೀಡನ್‌ನಲ್ಲೂ ನೆಮ್ಮದಿ ಇರಲಿಲ್ಲ. 1946ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಎಸ್ಟೋನಿಯಾ ಮತ್ತು ಅದರ ನೆರೆಯ ಬಾಲ್ಟಿಕ್ ದೇಶಗಳ 146 ಸೈನಿಕರನ್ನು ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿತು. ಮುಂದೆ ನಮ್ಮ ಸರದಿ ಅಂತ ಹೆದರಿದವರು ಮತ್ತೆ ಸಮುದ್ರಕ್ಕೆ ಇಳಿದರು. 1948ರ ಡಿಸೆಂಬರ್‌ನಲ್ಲಿ ವಾಲ್‌ನಟ್ ಅನ್ನುವ ಸಣ್ಣ ಹಡಗು 347 ಜನರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರು ಮುಟ್ಟಿತು.

ನನ್ನ ಅಜ್ಜಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿ ನಿಂತಾಗ ಅವರ ಊರು ನೀರಿನೊಳಗೆ ಹೋಯಿತು. ಬರುವಾಗ ಒರಳಿನ ಗುಂಡು ತಂದಿದ್ದರು. ಒರಳನ್ನು ಎತ್ತಲು ಆಗಲಿಲ್ಲ. ಆ ಗುಂಡು ಇವತ್ತಿಗೂ ನಮ್ಮ ಹಿತ್ತಿಲಲ್ಲಿದೆ. ಅವತ್ತು ವೇಮುವಿನಲ್ಲಿ ಕೂತಾಗ ನನಗೆ ನೆನಪಾಗಿದ್ದು ಅದು. ದೇಶ ಬೇರೆ, ಕಾರಣ ಬೇರೆ. ಆದರೆ ಊರು ಕಳೆದುಕೊಂಡವರು ಅದರ ಬಗ್ಗೆ ಮಾತಾಡುವಾಗ ಒಂದು ಕಡೆ ಬಂದು ನಿಲ್ಲುತ್ತಾರೆ, ಅಜ್ಜಿಯೂ ಅಲ್ಲೇ ನಿಲ್ಲುತ್ತಿದ್ದರು. ಅದನ್ನು ಕೇಳುತ್ತಾ ಬೆಳೆದವಳು ನಾನು. ಇದನ್ನು ಓದಬೇಕು ಅನ್ನಿಸಿತು.

ಓದಿದ್ದು ಪಾರ್ಸಲ್‌ಗಳ ಬಗ್ಗೆ. 1950ರ ದಶಕದ ಮಧ್ಯದಿಂದ ಹೊರಗಿನ ಎಸ್ಟೋನಿಯನ್ನರು ಸೋವಿಯತ್ ಹಿಡಿತದಲ್ಲಿದ್ದ ಊರಿಗೆ ಕಾಗದ, ಪಾರ್ಸಲ್ ಕಳಿಸತೊಡಗಿದರು. ಕಾಗದವನ್ನು ಸೆನ್ಸಾರ್‌ನವರು ಓದುತ್ತಾರೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಬರೆಯುವುದು ಕಡಿಮೆ, ಕಳಿಸುವುದು ಜಾಸ್ತಿ. ತಲೆವಸ್ತ್ರ, ಬಟ್ಟೆ, ಕಾಫಿ. ತಲೆವಸ್ತ್ರ ಯಾಕೆ ಅಂತ ನನಗೆ ಮೊದಲು ಅರ್ಥ ಆಗಿರಲಿಲ್ಲ. ಹಗುರ, ಜಾಸ್ತಿ ಹಿಡಿಸುತ್ತದೆ, ಮೇಲಾಗಿ ಅಲ್ಲಿ ಮಾರಿ ದುಡ್ಡು ಮಾಡಿಕೊಳ್ಳಬಹುದು. ಒಬ್ಬ ತಂಗಿ ಅಕ್ಕನಿಗೆ ಬರೆದ ಕಾಗದದಲ್ಲಿ ಇಷ್ಟೇ ಇತ್ತು: ಪಾರ್ಸಲ್ ಬಂತು, ಹೂವಿನದು ನಾನೇ ಇಟ್ಟುಕೊಂಡೆ. ಆ ಒಂದು ಸಾಲಿನ ಮೇಲೆ ನಾನು ಒಂದು ಅಧ್ಯಾಯ ಬರೆದಿದ್ದೇನೆ.

ನಾಲ್ಕನೇ ವರ್ಷ ಎಲ್ಲ ನಿಂತುಹೋಗುವುದರಲ್ಲಿತ್ತು. ನನಗೆ ಕೊಟ್ಟಿದ್ದ ಫಂಡಿಂಗ್ ಮುಗಿಯಿತು. ಅದೇ ತಿಂಗಳು ಅಪ್ಪನಿಗೆ ಹೃದಯದ ಆಪರೇಷನ್. ಉಳಿಸಿದ್ದನ್ನೆಲ್ಲ ಊರಿಗೆ ಕಳಿಸಿದೆ. ಒಂದು ದೊಡ್ಡ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೆ. ವಿಷಯ ತೀರಾ ಸಣ್ಣದು ಅಂತ ಎರಡು ಸಾಲಿನ ಉತ್ತರ ಬಂತು. ಮೂರು ತಿಂಗಳ ಬಾಡಿಗೆ ಬಾಕಿ ಇತ್ತು. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನ ಅಣ್ಣ ಅತ್ತಿಗೆ ಆ ಚಳಿಗಾಲ ಪೂರ್ತಿ ವಾರಕ್ಕೊಂದು ಡಬ್ಬಿ ಕಳಿಸಿದರು, ಸಾರು, ಪಲ್ಯ, ಒಮ್ಮೊಮ್ಮೆ ಕಡುಬು. ಅತ್ತಿಗೆ, ಆ ಡಬ್ಬಿಗಳನ್ನು ನಾನು ಮರೆಯುವುದಿಲ್ಲ.

ಆಗ ಕೈ ಹಿಡಿದಿದ್ದು ಇಲ್ಲಿನ ಎಸ್ಟೋನಿಯನ್ನರೇ ಸೇರಿ ನಡೆಸುವ ಒಂದು ಸಣ್ಣ ನಿಧಿ. ಅದರ ಸಂದರ್ಶನ ನಡೆದಿದ್ದು ಒಬ್ಬರ ಮನೆಯ ಊಟದ ಮೇಜಿನ ಸುತ್ತ. ನಾಲ್ಕು ಜನ ಹಿರಿಯರು. ಯಾವ ಜರ್ನಲ್‌ನಲ್ಲಿ ಬರೆದಿದ್ದೀಯಾ ಅಂತ ಕೇಳಲಿಲ್ಲ. ಒಂದು ಹಳೇ ಕಾಗದ ಮುಂದಿಟ್ಟು ಓದು ಅಂದರು. ಓದಿದೆ. 14 ವಿಭಕ್ತಿಯ ಭಾಷೆ ಅದು, ಎರಡು ಕಡೆ ತಪ್ಪಿದೆ, ಅವರೇ ತಿದ್ದಿದರು. ಮುಗಿಸಿ ತಲೆ ಎತ್ತಿದಾಗ ಒಬ್ಬರು ಕನ್ನಡಕ ತೆಗೆದು ಒರೆಸುತ್ತಿದ್ದರು. ಅದು ಅವರ ತಾಯಿಯ ಕಾಗದ ಅಂತೆ. ಆ ನಿಧಿ ನನ್ನ ಬಾಕಿ ತೀರಿಸಿತು, ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಪತ್ರಾಗಾರಕ್ಕೆ, ಮಿನೆಸೋಟಾ ವಿಶ್ವವಿದ್ಯಾಲಯದ ವಲಸೆ ಪತ್ರಾಗಾರಕ್ಕೆ ಕಳಿಸಿತು, ಕೊನೆಯ ವರ್ಷ ಬರೆಯಲು ಬಿಟ್ಟಿತು. ದುಡ್ಡು ಹಾಕಿದವರಲ್ಲಿ ಹೆಚ್ಚಿನವರು ಪೆನ್ಶನ್‌ನಲ್ಲಿ ಬದುಕುವವರು. ತಮ್ಮ ಕಥೆಯನ್ನು ಬರೆಯಲು ಸಾಗರದ ಹುಡುಗಿಯೊಬ್ಬಳನ್ನು ನಂಬಿದರು. ಆ ನಂಬಿಕೆಗೆ ನಾನು ಋಣಿ.

ಅಪ್ಪ ಈಗ ಹುಷಾರಾಗಿದ್ದಾರೆ. ದಿನಾ ಸಂಜೆ ಕೆರೆ ಏರಿ ಮೇಲೆ ನಡೆಯುತ್ತಾರೆ. ತಮ್ಮ ಒಬ್ಬನೇ ಆಸ್ಪತ್ರೆ, ಮನೆ ಎರಡನ್ನೂ ನೋಡಿಕೊಂಡ, ನೀನು ಬರಬೇಡ ಅಲ್ಲೇ ಮುಗಿಸು ಅಂದ. ಅವನಿಗೆ ಹೇಗೆ ಥ್ಯಾಂಕ್ಸ್ ಹೇಳೋದು?

ಇನ್ನೊಬ್ಬರು ಇದ್ದಾರೆ. ನಾನು ಅವರನ್ನು ವನಎಮಾ ಅಂತ ಕರೆಯುತ್ತೇನೆ, ಎಸ್ಟೋನಿಯನ್‌ನಲ್ಲಿ ಅಜ್ಜಿ ಅಂತ. ದೋಣಿ ಹತ್ತಿದಾಗ ಅವರಿಗೆ ಏಳು ವರ್ಷ. ಅವರ ತಾಯಿ ದೋಣಿಗೆ ತಂದಿದ್ದರಲ್ಲಿ ಒಂದು ಮರದ ಕಾಫಿ ಮಿಲ್ಲು, ಕೈಯಲ್ಲಿ ತಿರುಗಿಸುವುದು. ಯುದ್ಧದ ಕಾಲ, ಕಾಫಿ ಬೀಜ ಎಲ್ಲೂ ಇರಲಿಲ್ಲ. ಆದರೂ ತಂದರು. ನಾಲ್ಕು ವರ್ಷ ಅವರ ಅಡುಗೆಮನೆಯಲ್ಲಿ ಕೂತು ನಾನು ಕಾಗದ ಓದಿದೆ, ಅವರು ಕೈಬರಹ ಬಿಡಿಸಿ ಹೇಳಿದರು. ಊಟಕ್ಕೆ ಕೂತಾಗೆಲ್ಲ "ಯಾತ್ಕು ಲೇಯ್ಬಾ" ಅನ್ನುತ್ತಾರೆ. ರೊಟ್ಟಿ ಸಾಲದೆ ಹೋಗದಿರಲಿ ಅಂತ ಅರ್ಥ.

ಈ ಮಿಲ್ಲಿನ ಕಥೆಯನ್ನು ಅಮ್ಮನಿಗೆ ಹೇಳಿದ್ದೆ. ನಿನ್ನೆ ಊರಿಂದ ಪಾರ್ಸಲ್ ಬಂತು. ಬಿಳಿ ಬಟ್ಟೆಯಲ್ಲಿ ಹೊಲಿದು ಅರಗು ಹಾಕಿದ್ದು, ಮೇಲೆ ತಮ್ಮನ ಅಕ್ಷರ. ಒಳಗೆ ಒಂದು ಕೆಜಿ ಹುರಿದ ಕಾಫಿ ಬೀಜ ಇದೆಯಂತೆ. ಪುಡಿ ಯಾಕೆ ಮಾಡಿಸಲಿಲ್ಲ ಅಂತ ಕೇಳಿದೆ. "ಆ ಮಿಲ್ಲಿಗೆ ಬೀಜ ಬೇಕಲ್ವಾ" ಅಂದಳು ಅಮ್ಮ. ಹೊಲಿಗೆ ಬಿಚ್ಚಿಲ್ಲ. ಭಾನುವಾರ ಹಾಗೇ ತಗೊಂಡು ಹೋಗುತ್ತೇನೆ.